ಅಡಿಗಲ್ಲಿನ ಮೇಲೆ ಈರುಳ್ಳಿ

ಕನ್ನಡ ಚೆನ್ನಾಗಿ ಮಾತಾಡುತ್ತೇನೆ ಎಂಬ ಒಂದೇ ತಪ್ಪಿಗೆ, ಇನ್ನೂ ಬಾರದ ಒಂದು ಹೆದ್ದಾರಿಗೆ ನಾನು ನಾಲ್ಕು ಸಲ ಸ್ವಾಗತ ಕೋರಿದ್ದೇನೆ. ರೇಷ್ಮೆ ಸೀರೆ ಉಟ್ಟು, ಮೈಕ್ ಹಿಡಿದು, ಮುಖಕ್ಕೆ ಒಂದು ನಗು ಅಂಟಿಸಿಕೊಂಡು. ಆ ನಾಲ್ಕು ಸಲದ ಫೋಟೋಗಳೂ ನನ್ನ ಫೋನಿನಲ್ಲಿವೆ. ಅಳಿಸಬೇಕೆಂದು ತೆರೆಯುತ್ತೇನೆ, ಒಂದೊಂದನ್ನೂ ನೋಡುತ್ತೇನೆ, ಮತ್ತೆ ಹಾಗೇ ಮುಚ್ಚಿಡುತ್ತೇನೆ. ಬರೆದಾದರೂ ಹೊರಗೆ ಹಾಕೋಣವೆಂದು ಈಗ ಕೂತಿದ್ದೇನೆ.

ನನ್ನ ತಂದೆ ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕತೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಮನೆಯಲ್ಲಿ ನಮ್ಮದು ಮಲಯಾಳ. ಆಳುಗಳು ಇರುವ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳ ಜೊತೆ ಆಡುವಾಗ ತಮಿಳು. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲವನ್ನೂ ಸೇರಿಸಿದ ಕಲಬೆರಕೆ. ಕನ್ನಡವನ್ನು ನಾನು ಕಲಿತದ್ದು ಪಾಠಪುಸ್ತಕದಿಂದ, ಒಬ್ಬ ಕಟ್ಟುನಿಟ್ಟಿನ ಮೇಷ್ಟರ ಬೆತ್ತದ ಎದುರು ನಿಂತು. ಹಾಗಾಗಿ ನನ್ನ ಕನ್ನಡಕ್ಕೆ ಯಾವ ಊರಿನ ಮಣ್ಣೂ ಅಂಟಿಲ್ಲ. ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟದ ಹಾಗಿದೆ. ಮೈಕಿಗೆ ಇಂಥ ಕನ್ನಡ ಬಹಳ ಹಿಡಿಸುತ್ತದೆ. ಟೀಚರ್ ಕೆಲಸ ಸಿಕ್ಕಿ ಕುಶಾಲನಗರದ ಕಡೆಗೆ ಬಂದ ಮೊದಲ ವರ್ಷವೇ ರಾಜ್ಯೋತ್ಸವದ ನಿರೂಪಣೆ ನನ್ನ ಕೊರಳಿಗೆ ಬಿತ್ತು. ಅಲ್ಲಿಂದ ಮುಂದೆ ಯಾವ ಸರ್ಕಾರಿ ಕಾರ್ಯಕ್ರಮವಿದ್ದರೂ "ಆ ಟೀಚರನ್ನು ಕರೆಸಿ" ಎಂದು ಫೋನು ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಅದು ಇಷ್ಟವಿತ್ತು. ಲೈನಿನ ಪಕ್ಕ ಬೆಳೆದವಳು ವೇದಿಕೆಯ ಮೇಲೆ ನಿಂತು, "ಈಗ ದೀಪ ಬೆಳಗಬೇಕು", "ಈಗ ಎರಡು ಮಾತುಗಳನ್ನಾಡಬೇಕು" ಎಂದು ದೊಡ್ಡ ದೊಡ್ಡವರನ್ನು ಎಬ್ಬಿಸಿ ಕೂರಿಸುವುದು ಸಣ್ಣ ಸುಖವಲ್ಲ.

ನಮ್ಮ ಶಾಲೆ ಇರುವುದು ಹಾರಂಗಿಗೆ ತಿರುಗುವ ದಾರಿಯನ್ನು ದಾಟಿ ಸ್ವಲ್ಪ ಮೇಲೆ, ರಸ್ತೆಯ ಅಂಚಿಗೇ. ಎರಡು ಕೋಣೆ, ಒಂದು ಜಗಲಿ, ಬದಿಗೆ ಅಡುಗೆಮನೆ, ಮುಂದೆ ಮೈದಾನ. ಶುಂಠಿ ಬೆಳೆಯುವವರ ಮಕ್ಕಳು, ತೋಟದ ಲೈನುಗಳ ಮಕ್ಕಳು ಬರುತ್ತಾರೆ. ಹಿಂದಿನ ಮುಖ್ಯ ಶಿಕ್ಷಕರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ, ಪ್ರಭಾರ ನನ್ನ ತಲೆಗೆ ಬಂತು. ಶಾಲೆಯಲ್ಲಿ ನನಗಿಂತ ಹಳಬರೆಂದರೆ ನಮ್ಮ ಅಡುಗೆಯ ಅಕ್ಕ ಒಬ್ಬರೇ.

ಅಕ್ಕನದು ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ಒಕ್ಕಲಾದ ಮನೆತನ. ಗಂಡನ ಮನೆಯ ಜಮೀನು ಪಾಲಾಗಿ ಪಾಲಾಗಿ ಅಂಗೈ ಅಗಲವಾಗಿತ್ತು. ವಯಸ್ಸಿನಲ್ಲಿ ಶುಂಠಿ ಕಿತ್ತು, ಕಾಫಿ ಹಣ್ಣು ಬಿಡಿಸುವ ಪಿಕಿಂಗ್ ಮಾಡಿ, ಎರಡೂ ಮಂಡಿ ಸವೆಸಿಕೊಂಡ ಮೇಲೆ ಬಿಸಿಯೂಟದ ಈ ಕೆಲಸ ಸಿಕ್ಕಿತ್ತು. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂದು ಅವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಅಂಥ ಮಗುವಿನ ತಟ್ಟೆಯ ಹತ್ತಿರ ಸೌಟು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ನಾನು ಒಮ್ಮೆ ಹೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಅವರು ಆಗಾಗ ಹೇಳುತ್ತಿದ್ದ ಮಾತೊಂದಿತ್ತು.

"ಈ ಒಲೆ ಮುಂದೆ ನಿಂತ್ಕಂಡೇ ಸತ್ರೂ ಸರಿ ಟೀಚರ್, ಮತ್ತೆ ತೋಟದ್ ಕೆಲ್ಸಕ್ಕೆ ಮಾತ್ರ ಹೋಗಾಕಿಲ್ಲ. ಬೆಟ್ಟ ಹತ್ತಿ ಇಳಿಯಾಕೆ ನನ್ ಮಂಡಿ ಒಪ್ಪಾಕಿಲ್ಲ."

ಹೆದ್ದಾರಿ ನಮ್ಮ ಬದುಕಿಗೆ ಬಂದದ್ದು ಒಂದು ಡಬ್ಬಿ ಕೆಂಪು ಬಣ್ಣದ ರೂಪದಲ್ಲಿ. ಸರ್ವೆಯವರು ಬಂದು ಅಳೆದು, ಅಡುಗೆಮನೆಯ ಗೋಡೆಯ ಮೇಲೆ ಒಂದು ಬಾಣ, ಒಂದು ನಂಬರು ಬರೆದು ಹೋದರು. ರಸ್ತೆ ಅಗಲವಾದಾಗ ಅಡುಗೆಮನೆ ಹೋಗುತ್ತದಂತೆ. ಸರಿ, ಹೋಗಲಿ, ಬೇರೆ ಕಟ್ಟಿಸಿಕೊಡುತ್ತಾರೆ ಎಂದುಕೊಂಡೆವು. ಆ ಮಳೆಗಾಲ ಹೆಂಚು ಒಡೆದು ಒಲೆಯ ಮೇಲೆಯೇ ನೀರು ಸುರಿಯತೊಡಗಿದಾಗ ರಿಪೇರಿಗೆ ಬರೆದೆ. ಹೆದ್ದಾರಿಗೆ ಹೋಗುವ ಕಟ್ಟಡಕ್ಕೆ ರಿಪೇರಿ ಮಂಜೂರು ಮಾಡಲು ಬರುವುದಿಲ್ಲ ಎಂದು ಉತ್ತರ ಬಂತು. ಹಾಗಾದರೆ ಹೊಸದು ಕೊಡಿ ಎಂದು ಬರೆದೆ. ಹೆದ್ದಾರಿ ಬಂದ ಮೇಲೆ ಪರಿಹಾರದಲ್ಲಿ ಕಟ್ಟಿಸಿಕೊಳ್ಳಿ ಎಂದರು. ಹೆದ್ದಾರಿ ಯಾವಾಗ ಬರುತ್ತದೆ ಎಂದು ಕೇಳಿದರೆ ಅನುದಾನ ಬರಬೇಕು ಎಂದರು. ಅಕ್ಕ ಒಲೆಯ ಮೇಲೆ ಒಂದು ಟಾರ್ಪಾಲು ಕಟ್ಟಿಕೊಂಡರು.

ಅನುದಾನ ಎಲ್ಲಿತ್ತು? ಅದಕ್ಕೆ ಇಬ್ಬರು ಮುಖಂಡರ ಹತ್ತಿರ ಎರಡು ಉತ್ತರಗಳಿದ್ದವು. ಹೆಸರು ಬೇಡ. ಒಬ್ಬರನ್ನು ದಿಲ್ಲಿಯವರು ಎನ್ನುತ್ತೇನೆ, ಇನ್ನೊಬ್ಬರನ್ನು ಬೆಂಗಳೂರಿನವರು ಎನ್ನುತ್ತೇನೆ. ಇಬ್ಬರೂ ನಮ್ಮ ಜಿಲ್ಲೆಯವರೇ. ಒಂದು ಕಾಲಕ್ಕೆ ಒಂದೇ ಪಕ್ಷದ ಒಂದೇ ಜೀಪಿನಲ್ಲಿ ತಿರುಗಿದವರು. ಈಗ ಒಬ್ಬರ ಪಕ್ಷದ ಆಳ್ವಿಕೆ ಅಲ್ಲಿ, ಇನ್ನೊಬ್ಬರದು ಇಲ್ಲಿ. ಕೇಂದ್ರ ಎಂದೋ ಹಣ ಕೊಟ್ಟಾಯಿತು, ಭೂಮಿ ಬಿಡಿಸಲು ರಾಜ್ಯ ತನ್ನ ಪಾಲು ಹಾಕುತ್ತಿಲ್ಲ ಎಂದು ದಿಲ್ಲಿಯವರು. ಕೇಂದ್ರ ಕೊಟ್ಟದ್ದು ಬರೀ ಘೋಷಣೆ, ರಸ್ತೆಗೆ ನಿಜವಾಗಿ ಹಣ ಎತ್ತಿಡುತ್ತಿರುವುದು ನಾವು ಎಂದು ಬೆಂಗಳೂರಿನವರು. ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಇದೇ ಮಾತು. ಯಾರದ್ದೋ ಹೆಣದ ಪಕ್ಕದಲ್ಲಿ ನಿಂತು ಬೆಂಗಳೂರಿನವರು ಪಾಲಿನ ಲೆಕ್ಕ ಒಪ್ಪಿಸಿದ್ದನ್ನು ನಾನೇ ಕೇಳಿದ್ದೇನೆ. ಹೂಮಾಲೆ ಇನ್ನೂ ಕೈಯಲ್ಲೇ ಇತ್ತು.

ಇಷ್ಟಾದರೂ ಗುದ್ದಲಿ ಪೂಜೆಗೆ ಮಾತ್ರ ಬರ ಇರಲಿಲ್ಲ. ರಸ್ತೆಯ ಪಕ್ಕದಲ್ಲಿ ಶಾಮಿಯಾನ ಹಾಕುವಷ್ಟು ಸಮತಟ್ಟಾದ ಜಾಗ ನಮ್ಮ ಶಾಲೆಯ ಮೈದಾನ ಒಂದೇ. ಆದ್ದರಿಂದ ಪೂಜೆ ನಮ್ಮಲ್ಲೇ, ಪ್ರಾರ್ಥನೆಗೆ ನಮ್ಮ ಮಕ್ಕಳೇ, ನಿರೂಪಣೆಗೆ ನಾನೇ.

ಮೊದಲ ಸಲ ಇಬ್ಬರೂ ಒಂದೇ ವೇದಿಕೆ ಹತ್ತಿದ್ದರು. ಕಪ್ಪು ಗ್ರಾನೈಟಿನ ಅಡಿಗಲ್ಲನ್ನು ಇಟ್ಟಿಗೆಯ ಕಟ್ಟೆಗೆ ಒರಗಿಸಿ ಪರದೆ ಮುಚ್ಚಿತ್ತು. ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದು, ನಾನು "ಈ ಐತಿಹಾಸಿಕ ಕ್ಷಣಕ್ಕೆ ನಾವೆಲ್ಲ ಸಾಕ್ಷಿಯಾಗೋಣ" ಎಂದೆ. ಪರದೆ ಸರಿಯಿತು. ದಿಲ್ಲಿಯವರು ಕನ್ನಡಕ ಏರಿಸಿ ಓದಿದರು. ಅವರ ಹೆಸರು ಬೆಂಗಳೂರಿನವರ ಹೆಸರಿನ ಕೆಳಗಿತ್ತು. ಅಷ್ಟೇ. ಐತಿಹಾಸಿಕ ಕ್ಷಣ ಅಲ್ಲಿಗೆ ಮುಗಿಯಿತು. ಹಿಂಬಾಲಕರು ಕುರ್ಚಿ ಎತ್ತಿದರು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದರು, ಸನ್ಮಾನಕ್ಕೆ ತಂದ ಬುಟ್ಟಿಯ ಸೇಬುಗಳು ಮಕ್ಕಳ ಕಾಲಡಿಗೆ ಉರುಳಿದವು. ಮೊದಲ ಸಾಲಿನ ಹುಡುಗಿಯರು ಅಳತೊಡಗಿದರು. ಕೊನೆಗೆ ಆ ಕಲ್ಲನ್ನು ನಾಲ್ಕು ಜನ ಹೊತ್ತು ಶಾಲೆಯ ಹಿಂದೆ, ಶೌಚಾಲಯದ ಗೋಡೆಗೆ ಒರಗಿಸಿ ಹೋದರು. ಬೇರೆ ಕಲ್ಲು ಬರೆಸುತ್ತೇವೆ, ಇದನ್ನು ಆಮೇಲೆ ತೆಗೆದುಕೊಂಡು ಹೋಗುತ್ತೇವೆ ಎಂದರು. ಆಮೇಲೆ ಯಾರೂ ಬರಲಿಲ್ಲ.

ಎರಡನೆಯ ಸಲ ಕಲ್ಲಿನ ಮೇಲೆ ಸ್ಥಳೀಯರ ಹೆಸರೇ ಬೇಡವೆಂದು ತೀರ್ಮಾನವಾಗಿತ್ತು. ಹಾಗಾಗಿ ಜಗಳ ನನ್ನ ಕೈಗೆ ಬಂತು. ಕಾರ್ಯಕ್ರಮಕ್ಕೆ ಮುಂಚೆ ದಿಲ್ಲಿಯವರ ಕಡೆಯವನೊಬ್ಬ ಒಂದು ಚೀಟಿ ತಂದುಕೊಟ್ಟ, "ಕೇಂದ್ರದ ಅನುದಾನದಲ್ಲಿ ನಿರ್ಮಾಣವಾಗುತ್ತಿರುವ" ಎಂದು ಓದಬೇಕಂತೆ. ಐದು ನಿಮಿಷಕ್ಕೆ ಬೆಂಗಳೂರಿನವರ ಕಡೆಯ ಚೀಟಿ ಬಂತು, "ರಾಜ್ಯದ ವಿಶೇಷ ಅನುದಾನದಲ್ಲಿ" ಎಂದು. ನಾನು ಜಾಣೆ ಅಂದುಕೊಂಡು "ಸರ್ಕಾರದ ಅನುದಾನದಲ್ಲಿ" ಎಂದು ಓದಿದೆ. ಇಬ್ಬರೂ ಒಟ್ಟಿಗೆ ಎದ್ದುನಿಂತರು. ದಿಲ್ಲಿಯವರು ಮೈಕ್ ಕಿತ್ತುಕೊಂಡರು, ಅವರ ಕೈಯಿಂದ ಬೆಂಗಳೂರಿನವರು ಕಿತ್ತುಕೊಂಡರು. ನಮ್ಮ ಮಕ್ಕಳು ಪ್ರಾರ್ಥನೆ ಹಾಡಲು ಬಿಸಿಲಿನಲ್ಲಿ ನಿಂತೇ ಇದ್ದರು. ಅರ್ಧ ಗಂಟೆ ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡಿದ ಮೇಲೆ ಪೂಜೆಗೆ ಇಳಿದರು. ಪೂಜೆ ಮುಗಿದು ಊಟಕ್ಕೆ ಕೂತಾಗ ನೋಡಿದರೆ ಇಬ್ಬರೂ ಅಕ್ಕಪಕ್ಕದಲ್ಲಿ! ಒಬ್ಬರು ಇನ್ನೊಬ್ಬರ ಎಲೆಗೆ ಕೋಳಿ ತುಂಡು ಬಡಿಸುತ್ತಿದ್ದರು. ಬೈದಾಟ ನಮಗೆ, ಊಟ ಅವರವರಿಗೆ. ಅವತ್ತೇ ನನಗೆ ಹೇಸಿಗೆ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ಆದರೆ ಅವರು ಹೊದಿಸಿದ ಶಾಲನ್ನು ಮನೆಗೆ ತಂದು ಮಡಚಿಟ್ಟೆ.

ಪೂಜೆಯ ಗುಂಡಿಯ ಸಂಗತಿಯೊಂದನ್ನು ಹೇಳಬೇಕು. ಮುಖಂಡರು ಗುದ್ದಲಿ ಎತ್ತಿ ಹಾಕುವ ಜಾಗದಲ್ಲಿ ಮಣ್ಣು ಗಟ್ಟಿಯಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಅಲ್ಲಿ ಅಗೆದು, ನೀರು ಹಾಕಿ, ಮತ್ತೆ ಮುಚ್ಚಿ ಮೆತ್ತಗೆ ಮಾಡಿಡಬೇಕು. ಈ ಕೆಲಸವನ್ನು ಅಕ್ಕನಿಗೆ ಹೇಳಿದ್ದರು. ಅಕ್ಕ ಪ್ರತಿ ಸಲವೂ ಅದೇ ಗುಂಡಿಯನ್ನೇ ಅಗೆಯುತ್ತಿದ್ದರು. ಹೊಸ ಜಾಗ ಅಗೆದು ಮೈದಾನ ಹಾಳು ಮಾಡೋದು ಯಾಕೆ, ಮಕ್ಕಳು ಎಡವಿ ಬೀಳುತ್ತವೆ ಎನ್ನುತ್ತಿದ್ದರು. ಹೀಗೆ ಕೋಟಿಗಟ್ಟಲೆಯ ಹೆದ್ದಾರಿಯಲ್ಲಿ ನಿಜವಾಗಿ ಆದ ಕಾಮಗಾರಿಯೆಂದರೆ ಅಕ್ಕ ಸೊಂಟ ಬಗ್ಗಿಸಿ ತೋಡಿದ ಆ ಒಂದು ಗುಂಡಿ.

ಮರು ಮಳೆಗಾಲಕ್ಕೆ ಅಡುಗೆಮನೆಯ ಕಟ್ಟೆ ಕುಸಿಯಿತು. ತರಕಾರಿ ಹೆಚ್ಚುತ್ತಿದ್ದ ಕಟ್ಟೆ ಅದು. ಮಣ್ಣಿನ ಗೋಡೆ ನೆನೆದು, ಮೇಲಿನ ಸಿಮೆಂಟು ಬಿರಿದು, ಒಂದು ಬೆಳಿಗ್ಗೆ ಬಂದು ನೋಡಿದರೆ ಅರ್ಧ ನೆಲದ ಮೇಲಿತ್ತು. ಅಕ್ಕ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಹೆಚ್ಚತೊಡಗಿದರು. ಎದ್ದೇಳಬೇಕಾದಾಗ ಗೋಡೆ ಹಿಡಿದು, ಹಲ್ಲು ಕಚ್ಚಿ, ಎರಡು ಸಲ ಕೂತು, ಮೂರನೆಯ ಸಲ ಏಳುತ್ತಿದ್ದರು. ನನಗೆ ನೋಡಲಾಗಲಿಲ್ಲ. ಶೌಚಾಲಯದ ಗೋಡೆಗೆ ಒರಗಿ ಪಾಚಿ ಹಿಡಿಯುತ್ತಿದ್ದ ಆ ಕಲ್ಲು ನೆನಪಾಯಿತು.

"ಅಕ್ಕ, ಹಿಂದೆ ಒಂದು ಕಲ್ಲು ಬಿದ್ದಿದೆಯಲ್ಲ, ಅದನ್ನು ತಂದು ಇಟ್ಟಿಗೆ ಮೇಲೆ ಹಾಕಿಸಿಕೊಳ್ಳಿ. ಅದರ ಮೇಲೆ ಹೆಚ್ಚಬಹುದು" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದರು. "ಅಯ್ಯೋ, ಅದು ಹೆಸ್ರು ಬರ್ದಿರೋ ಕಲ್ಲಲ್ವಾ ಟೀಚರ್? ಏನಾರ ಅಂದಾರು."

"ಯಾರು ಅಂತಾರೆ? ಅವರಿಗೇ ಬೇಡವಾದ ಕಲ್ಲು. ಹೆಸರು ಕೆಳಗೆ ಮಾಡಿ ಮಗುಚಿ ಹಾಕಿ."

"ನೀವ್ ಹೇಳಿದ್ಮ್ಯಾಕೆ ಸರಿ ಬುಡಿ" ಎಂದರು. ಮಕ್ಕಳ ತಂದೆಯರು ಇಬ್ಬರು ಬಂದು ಎತ್ತಿಕೊಟ್ಟರು. ಕಲ್ಲಿನ ಹಿಂಬದಿ ಸ್ವಲ್ಪ ಒರಟು, ತರಕಾರಿ ಜಾರುತ್ತಿರಲಿಲ್ಲ. ಅಕ್ಕ ಅದನ್ನು ದಿನಾ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಈರುಳ್ಳಿ, ಬೀನ್ಸು, ಸೌತೆಕಾಯಿ ಎಲ್ಲ ಅದರ ಮೇಲೆ. ಮೊಟ್ಟೆಯ ದಿನ ಬೇಯಿಸಿದ ಮೊಟ್ಟೆಗಳನ್ನು ಸಾಲಾಗಿ ಇಟ್ಟು ಸುಲಿಯುತ್ತಿದ್ದರು. ಕಲ್ಲು ಅನ್ನಿಸಿಕೊಂಡದ್ದಕ್ಕೆ ಅದು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಒಂದೂವರೆ ವರ್ಷ ಹಾಗೇ ನಡೆಯಿತು.

ಮೂರನೆಯ ಗುದ್ದಲಿ ಪೂಜೆಗೆ "ಪರಿಷ್ಕೃತ ಅಂದಾಜು" ಎಂಬ ಹೊಸ ಹೆಸರು ಬಂದಿತ್ತು. ಅಂದರೆ ಹಳೆಯ ಹಣವೇ ಬಂದಿರಲಿಲ್ಲ, ಈಗ ಬಾರದ ಹಣ ಇನ್ನಷ್ಟು ಹೆಚ್ಚಾಗಿತ್ತು. ಆ ದಿನದ ಊಟವನ್ನು ನಮ್ಮ ಅಡುಗೆಮನೆಯಲ್ಲೇ ಮಾಡಿಸಬೇಕೆಂದು ಹೇಳಿಕಳಿಸಿದರು. ಮುಖಂಡರ ಕೋಳಿಸಾರು ಇಳಿಯುವ ತನಕ ಮಕ್ಕಳ ಅನ್ನ ಒಲೆಗೆ ಏರಲಿಲ್ಲ. ಗಂಟೆ ಎರಡಾಯಿತು. ಒಂದನೆಯ ತರಗತಿಯ ಮಕ್ಕಳು ತಟ್ಟೆ ಹಿಡಿದು ಜಗಲಿಯಲ್ಲೇ ನಿದ್ದೆ ಹೋಗಿದ್ದವು. ಅಕ್ಕ ನನ್ನನ್ನು ಎರಡು ಸಲ ಬಂದು ಕೇಳಿದರು, "ಟೀಚರ್, ಮಕ್ಳಿಗೆ ಮೊದ್ಲು ಇಕ್ಕಲಾ?" ಎಂದು. ನಾನು ಮೈಕ್ ಹಿಡಿದವಳು, ಕೈಸನ್ನೆಯಲ್ಲೇ "ಸ್ವಲ್ಪ ತಡೀರಿ" ಎಂದೆ.

ಆಗ ಬೆಂಗಳೂರಿನವರ ಹಿಂಬಾಲಕನೊಬ್ಬ ಬಿಸಿನೀರು ಕೇಳಿಕೊಂಡು ಅಡುಗೆಮನೆಗೆ ಹೋದ. ಅವನ ಮೇಲಿನ ಜೇಬಿನಿಂದ ಫೋನು ಜಾರಿ ಕಟ್ಟೆಯ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ತಲೆ ಮೇಲಕ್ಕೆತ್ತಿ ನೋಡಿದರೆ ತನ್ನ ನಾಯಕನ ಹೆಸರು ಬಂಗಾರದ ಅಕ್ಷರದಲ್ಲಿ ತಲೆಕೆಳಗಾಗಿ ಕಾಣಿಸಿತು. ಕೆಳಗಿನಿಂದ ಹೆಸರಿನ ಫೋಟೋ ತೆಗೆದ. ಎದ್ದು ನಿಂತು ಮೇಲಿನ ಈರುಳ್ಳಿ ಸಿಪ್ಪೆ, ಕೋಳಿಯ ರಕ್ತದ ನೀರಿನ ಫೋಟೋ ತೆಗೆದ. ಆ ಕೋಳಿ ಅವರದ್ದೇ, ಅವರ ಊಟಕ್ಕೇ ಕೊಯ್ದದ್ದು. ಅದು ಯಾರಿಗೂ ಹೊಳೆಯಲಿಲ್ಲ.

ಸಂಜೆಯ ಒಳಗೆ ಫೋಟೋ ಜಿಲ್ಲೆಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿತು. ಮೊದಲು ಇದು ದಿಲ್ಲಿಯವರ ಪಿತೂರಿ ಎಂದರು. ಆಮೇಲೆ ಕಲ್ಲಿನ ಮೇಲೆ ಎರಡನೆಯ ಹೆಸರೂ ಇದೆಯೆಂದು ತಿಳಿದು, ಇದು ಬೆಂಗಳೂರಿನವರ ಪಿತೂರಿ ಎಂದರು. ಎರಡು ದಿನ ಕಳೆದ ಮೇಲೆ ಇಬ್ಬರಿಗೂ ಅವಮಾನವಾಗಿದೆ ಎಂಬುದು ಇಬ್ಬರಿಗೂ ಅರ್ಥವಾಯಿತು. ಅಷ್ಟು ವರ್ಷ ಒಂದು ರಸ್ತೆಯ ಹಣದ ಬಗ್ಗೆ ಒಂದು ಮಾತಿಗೆ ಬರಲಾರದವರು, ಮೂರನೆಯ ದಿನ ಬೆಳಿಗ್ಗೆ ಒಂದೇ ಕಾರಿನಲ್ಲಿ ನಮ್ಮ ಶಾಲೆಗೆ ಬಂದಿಳಿದರು.

ಅವರ ಜೊತೆ ಮೇಲಿನ ಕಚೇರಿಯ ಒಬ್ಬರಿದ್ದರು. ನನ್ನ ಕೋಣೆಯಲ್ಲಿದ್ದ ಮೂರೂ ಕುರ್ಚಿಗಳಲ್ಲಿ ಅವರು ಮೂವರು ಕೂತರು. ನಾನು ನಿಂತೆ. ಅಕ್ಕನನ್ನು ಕರೆಸಿದರು. ಸೆರಗಿಗೆ ಕೈ ಒರೆಸುತ್ತಾ ಬಂದು ಬಾಗಿಲ ಹತ್ತಿರವೇ ನಿಂತರು.

"ಈ ಕೆಲಸ ಮಾಡಿದ್ದು ಯಾರಮ್ಮ?" ಬೆಂಗಳೂರಿನವರು ಕೇಳಿದರು.

"ನಾನೇ ಸಾ. ಕಟ್ಟೆ ಬಿದ್ದೋಗಿತ್ತು" ಎಂದರು ಅಕ್ಕ.

"ಮುಖ್ಯ ಶಿಕ್ಷಕರ ಗಮನಕ್ಕೆ ಬಂದಿರಲಿಲ್ವಾ?" ಎಂದು ಕಚೇರಿಯವರು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ನಾನೇ ಹೇಳಿದ್ದು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ದಿಲ್ಲಿಯವರು ಕೈ ಬೀಸಿ ನಕ್ಕರು.

"ಅವರಿಗೆ ಎಲ್ಲಿ ಗೊತ್ತಿರುತ್ತೆ ಮಾರಾಯ್ರೆ? ಪಾಠ, ಕಾರ್ಯಕ್ರಮ ಅಂತ ಅವರ ತಲೆಬಿಸಿ ಅವರಿಗೆ. ಅಡುಗೆಮನೆಗೆ ಹೋಗಿ ಕಲ್ಲಿನ ಕೆಳಗೆ ಇಣುಕಲಿಕ್ಕಾಗುತ್ತಾ?"

"ಅದು ಹೌದು. ಟೀಚರ್ ನಮ್ಮವರೇ ಅಲ್ವಾ" ಎಂದರು ಬೆಂಗಳೂರಿನವರು.

ನಮ್ಮವರೇ! ಆ ಮಾತು ಕೇಳಿದಾಗ ಯಾರೋ ಎಂಜಲು ಕೈಯಿಂದ ಕೆನ್ನೆ ಸವರಿದ ಹಾಗಾಯಿತು. ಆದರೆ ತೆರೆದ ಬಾಯಿ ಮುಚ್ಚಿಕೊಂಡಿತು. ಎತ್ತಂಗಡಿ ಮಾಡಿಸಿದರೆ ಏನು ಗತಿ, ಮಗಳ ಓದು ಕುಶಾಲನಗರದಲ್ಲಿ, ಜಿಲ್ಲೆಯ ಆ ತುದಿಗೆ ಹಾಕಿಬಿಟ್ಟರೆ ಎಂದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿಹೋಯಿತು. ಅಕ್ಕ ನನ್ನನ್ನು ನೋಡುತ್ತಿದ್ದರು. ನಾನು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದೆ. ಸೋಮವಾರ ಮೊದಲ ಪಿರಿಯಡ್ಡು ಕನ್ನಡ, ಮಂಗಳವಾರವೂ ಕನ್ನಡ.

"ತಪ್ಪಾಯ್ತು ಸಾ. ಗೊತ್ತಾಗ್ಲಿಲ್ಲ" ಎಂದರು ಅಕ್ಕ. ಕಲ್ಲನ್ನು ತಂದು ಹಾಕಲು ಯಾರು ಹೇಳಿದರು ಎಂಬುದನ್ನು ಆ ಮೂವರು ಕೇಳಲಿಲ್ಲ, ಅಕ್ಕ ಹೇಳಲಿಲ್ಲ.

ಕೆಲಸದಿಂದ ತೆಗೆದರೆ ಜನ ಒಂದಕ್ಕೆ ಎರಡು ಮಾತಾಡುತ್ತಾರೆ, ತಾನೇ ಬಿಟ್ಟುಹೋಗುತ್ತೇನೆಂದು ಬರೆದುಕೊಡಲಿ ಎಂದು ಮೂವರೂ ತೀರ್ಮಾನಿಸಿದರು. ತೀರ್ಮಾನಕ್ಕೆ ಐದು ನಿಮಿಷ ಸಾಕಾಯಿತು. ಅಕ್ಕನಿಗೆ ಸಹಿ ಮಾಡಲು ಬರುತ್ತಿತ್ತು, ಪತ್ರ ಬರೆಯುವಷ್ಟು ಅಭ್ಯಾಸ ಇರಲಿಲ್ಲ. "ಟೀಚರ್ ಬರೀತಾರೆ. ಅವರ ಕನ್ನಡ ಕೇಳಬೇಕಾ?" ಎಂದರು ದಿಲ್ಲಿಯವರು. ನಾನು ನಿಂತಲ್ಲೇ ಮೇಜಿಗೆ ಬಗ್ಗಿ ಬರೆದೆ. "ನನ್ನ ಅಚಾತುರ್ಯದಿಂದ ಗಣ್ಯರ ಗೌರವಕ್ಕೆ ಚ್ಯುತಿ ಉಂಟಾಗಿದ್ದು, ಅನಾರೋಗ್ಯದ ಕಾರಣವೂ ಇರುವುದರಿಂದ, ಸ್ವಇಚ್ಛೆಯಿಂದ ಈ ಕೆಲಸವನ್ನು ತ್ಯಜಿಸುತ್ತಿದ್ದೇನೆ." ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ನನ್ನ ಮೇಷ್ಟರು ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಅಕ್ಕ ಸಹಿ ಹಾಕಿ ಪೆನ್ನನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

ಅಷ್ಟಕ್ಕೆ ಅವರು ಹೊರಡಲಿಲ್ಲ. ಕಲ್ಲನ್ನು ಹೊರಗೆ ತರಿಸಿ, ನೆಟ್ಟಗೆ ನಿಲ್ಲಿಸಿ, ಶುದ್ಧ ಮಾಡಬೇಕೆಂದರು. ಹಾಲು ಕೇಳಿದರು. ಶಾಲೆಯಲ್ಲಿ ಎಲ್ಲಿಯ ಹಾಲು? ಮಕ್ಕಳಿಗೆ ಕಲಸಿ ಕೊಡುವ ಹಾಲಿನ ಪುಡಿ ಇತ್ತು. ಅದನ್ನೇ ಎರಡು ಬಕೆಟ್ ನೀರಿಗೆ ಕಲಸಿದರು. ದಿಲ್ಲಿಯವರು ಒಂದು ಚೊಂಬು ಸುರಿದರು, ಬೆಂಗಳೂರಿನವರು ಒಂದು ಚೊಂಬು ಸುರಿದರು. ಫೋಟೋ ತೆಗೆಸಿಕೊಂಡರು. ಮಕ್ಕಳು ತಮ್ಮ ಹಾಲು ಅಂಗಳದ ಮಣ್ಣಿನಲ್ಲಿ ಹರಿದು, ಆ ಪೂಜೆಯ ಗುಂಡಿಯಲ್ಲಿ ನಿಂತದ್ದನ್ನು ಜಗಲಿಯಿಂದ ನೋಡುತ್ತಿದ್ದವು. ಆ ವಾರ ಮಕ್ಕಳಿಗೆ ಹಾಲಿಲ್ಲ. ಕಲ್ಲು ಜೀಪಿನಲ್ಲಿ ಹೋಯಿತು, ಎಲ್ಲಿಗೆ ಹೋಯಿತೋ ನಾನು ಕೇಳಲಿಲ್ಲ.

ಅಕ್ಕನ ಈಳಿಗೆಮಣೆ ಅಡುಗೆಮನೆಯಲ್ಲೇ ಉಳಿದಿತ್ತು. ಅದು ಶಾಲೆಯದ್ದಲ್ಲ, ಮನೆಯಿಂದ ತಂದದ್ದು. ಹತ್ತು ದಿನ ನೋಡಿ, ಅದನ್ನು ಕೊಡುವ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಶುಂಠಿ ಬೀಜ ಆರಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಗೋಡೆ ಹಿಡಿದು ಎದ್ದರು.

"ಬನ್ನಿ ಟೀಚರ್. ಕೂತ್ಕಳಿ. ಕಾಫಿ ಕಾಯಿಸ್ತೀನಿ."

ಬೇಡವೆಂದರೂ ಕಾಯಿಸಿ ತಂದರು. ನಾನು ಲೋಟ ಹಿಡಿದು, ಏನೇನೋ ಹೇಳಲು ಹೊರಟೆ. ಪರಿಸ್ಥಿತಿ ಹಾಗಿತ್ತು, ಮುಂದೆ ಏನಾದರೂ ಮಾಡೋಣ, ಹೊಸ ಕಟ್ಟಡ ಬಂದಾಗ ಮತ್ತೆ ಕೇಳೋಣ. ವೇದಿಕೆಯ ಮೇಲೆ ನೀರಿನ ಹಾಗೆ ಹರಿಯುವ ಕನ್ನಡ ಅಲ್ಲಿ ತೊದಲುತ್ತಿತ್ತು.

ಅಕ್ಕ ಕೇಳುವಷ್ಟು ಕೇಳಿ, "ನೀವ್ ಒಂದ್ ಮಾತು ಹೇಳ್ತೀರ ಅನ್ಕಂಡಿದ್ದೆ ಟೀಚರ್. ಹೇಳ್ಲಿಲ್ಲ. ಹೋಗ್ಲಿ ಬುಡಿ, ನಿಮ್ಗೂ ಕೆಲ್ಸ ಬೇಕಲ್ವಾ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಮಾತು ಬೈಸಿಕೊಂಡು, ಅತ್ತು, ಹಗುರಾಗಿ ಮನೆಗೆ ಬರಬಹುದಿತ್ತು. ಅವರು ನನಗೆ ಅದನ್ನೂ ಕೊಡಲಿಲ್ಲ. ಹೊರಡುವಾಗ, ಒಂದನೆಯ ತರಗತಿಯ ಒಂದು ಹುಡುಗಿಗೆ ಕಡಲೆಕಾಳು ಆಗುವುದಿಲ್ಲ, ಮೈ ತುರಿಕೆ ಏಳುತ್ತದೆ, ಹೊಸದಾಗಿ ಬಂದವರಿಗೆ ಹೇಳಿ ಎಂದರು.

ಇಷ್ಟು ಬರೆದ ಮೇಲೆ ಹೇಳುವಂಥ ದೊಡ್ಡ ಮಾತುಗಳೇನೂ ನನ್ನ ಹತ್ತಿರ ಇಲ್ಲ. ಅವರಿಬ್ಬರ ಮೇಲೆ ನನಗಿರುವುದು ಶುದ್ಧ ಅಸಹ್ಯ. ಅವರ ಬಿಳಿ ಅಂಗಿ, ಅದರ ಇಸ್ತ್ರಿಯ ಗೆರೆ, ಮಕ್ಕಳ ತಲೆ ಸವರುವಾಗ ಫೋಟೋದವನ ಕಡೆ ತಿರುಗುವ ಕಣ್ಣು, ಎಲ್ಲವೂ ಅಸಹ್ಯ. ಆದರೆ ಅವರು ಅಂಥವರೆಂದು ಊರಿಗೆಲ್ಲ ಗೊತ್ತು, ಅವರು ಯಾರಿಗೂ ಮೋಸ ಮಾಡಿದ್ದಲ್ಲ. ಅಕ್ಕ ನಂಬಿದ್ದು ಅವರನ್ನಲ್ಲ, ನನ್ನನ್ನು.

ಹೊಸ ಅಡುಗೆಯವರು ಬಂದರು. ಅವರು ನೆಲದ ಮೇಲೆ ಕೂತೇ ಹೆಚ್ಚುತ್ತಾರೆ. ಗೋಡೆಯ ಬಾಣ ಮಾಸಿದೆಯೆಂದು ಸರ್ವೆಯವರು ಮತ್ತೆ ಬಂದು ಅದರ ಮೇಲೆ ಇನ್ನೊಮ್ಮೆ ಬಣ್ಣ ಬಳಿದು ಹೋದರು. ಟಾರ್ಪಾಲು ಹರಿದಿದೆ. ಅನುದಾನ, ಕೇಳಿದರೆ, ಇನ್ನೇನು ಬಂದೇ ಬಿಟ್ಟಿತು.

ಕಳೆದ ಪಿಕಿಂಗ್ ಸಮಯದಲ್ಲಿ ನಾಲ್ಕನೆಯ ಗುದ್ದಲಿ ಪೂಜೆ ನಡೆಯಿತು. ಫೋನು ಬಂದಾಗ ಗಂಟಲು ಸರಿಯಿಲ್ಲ ಎಂದೆ. "ನೀವಿಲ್ಲದೆ ಆಗುತ್ತಾ ಟೀಚರ್?" ಎಂದರು. ಅದು ಹೊಗಳಿಕೆಯಲ್ಲವೆಂದು ಗೊತ್ತಾಗುವಷ್ಟು ವಯಸ್ಸು ನನಗಾಗಿದೆ. ಸೀರೆ ಉಟ್ಟು ಹೋದೆ.

ಚಳಿಗಾಲದ ಕೆಲಸದ ದಿನ, ಕುರ್ಚಿ ತುಂಬಲು ಜನ ಇರಲಿಲ್ಲ. ತೋಟಗಳಿಂದ ಪಿಕಪ್ ಗಾಡಿಗಳಲ್ಲಿ ಆಳುಗಳನ್ನು ಕರೆತಂದು ಇಳಿಸಿದರು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ಸೊಂಟಕ್ಕೆ ಪಿಕಿಂಗ್ ಚೀಲ ಕಟ್ಟಿಕೊಂಡೇ ಬಂದ ಹೆಂಗಸರು ಸಾಲಾಗಿ ಕೂತರು. ಎಲ್ಲರ ಕೈಗೂ ಒಂದೊಂದು ಬಿಸ್ಕತ್ತಿನ ಪೊಟ್ಟಣ ಬಂತು. ನಾನು ಸ್ವಾಗತ ಶುರುಮಾಡಿ, ಪದ್ಧತಿಯಂತೆ ಎಡದಿಂದ ಬಲಕ್ಕೆ ಕಣ್ಣಾಡಿಸುತ್ತಾ ಬಂದೆ, ಕಣ್ಣು ಮೂರನೆಯ ಸಾಲಿನಲ್ಲಿ ಸಿಕ್ಕಿಕೊಂಡಿತು. ಅಕ್ಕ ಕೂತಿದ್ದರು. ನೀಲಿ ಅಂಗಿ, ತಲೆಗೆ ಟವಲು, ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಮಂಡಿಯನ್ನು ಅಂಗೈಯಿಂದ ಒತ್ತುತ್ತಾ.

ಯಾವ ಕೆಲಸಕ್ಕೆ ಸತ್ತರೂ ಹೋಗುವುದಿಲ್ಲ ಎಂದಿದ್ದರೋ ಅಲ್ಲಿಂದ ಬಂದಿದ್ದರು. ಅವರ ಮುಂದೆ ಹತ್ತು ಹೆಜ್ಜೆಯ ದೂರದಲ್ಲಿ ಆ ಗುಂಡಿ ಇತ್ತು. ಈ ಸಲ ಅದನ್ನು ಬೇರೆ ಯಾರೋ ತೋಡಿದ್ದರು.

ಕೈಯಲ್ಲಿ ಮೈಕ್ ಇತ್ತು. ಮೈದಾನದ ನಾಲ್ಕೂ ಮೂಲೆಗೆ ಲೌಡ್‌ಸ್ಪೀಕರ್ ಕಟ್ಟಿದ್ದರು. ಆ ಕಲ್ಲನ್ನು ಮಗುಚಿ ಹಾಕಲು ಹೇಳಿದವಳು ನಾನು ಎನ್ನಲು ಒಂದು ವಾಕ್ಯ ಸಾಕಿತ್ತು, ಅದಕ್ಕಿಂತ ಒಳ್ಳೆಯ ಅವಕಾಶ ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ. ಹಿಂದಿನಿಂದ ದಿಲ್ಲಿಯವರು ಕೆಮ್ಮಿದರು. ಬೆಂಗಳೂರಿನವರು ವಾಚು ನೋಡಿದರು.

"ಹೆದ್ದಾರಿಗೆ ಅನುದಾನ ತಂದುಕೊಟ್ಟ ನಮ್ಮ ಇಬ್ಬರೂ ನಾಯಕರಿಗೆ ಜೋರಾದ ಒಂದು ಚಪ್ಪಾಳೆ" ಎಂದೆ.

ಎಲ್ಲರೂ ತಟ್ಟಿದರು. ಅಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಮಡಿಲಿಗೆ ಹಾಕಿಕೊಂಡು, ಮಂಡಿಯಿಂದ ಕೈ ತೆಗೆದು, ನನ್ನನ್ನೇ ನೋಡುತ್ತಾ ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದನ್ನು ಅವರು ಅವತ್ತೂ ಮಾಡಿದ್ದರು, ಇವತ್ತೂ ಮಾಡಿದರು.